ಕಾಸಿದ ನೀರು

ಮಾಸ್ತರರು ತೀರಿಕೊಂಡ ಸುದ್ದಿ ನನಗೆ ಒಂದು ಕಾರ್ಡಿನಲ್ಲಿ ಬಂತು. ಅವರ ತಂಗಿಯ ಮಗ ರಬಕವಿಯಿಂದ ಬರೆದಿದ್ದ. ನಾಲ್ಕೇ ಸಾಲು. ಕೊನೆಯ ಸಾಲಿನಲ್ಲಿ, ಊರಿನವರೆಲ್ಲ ಸೇರಿ ಶೋಕಸಭೆ ಮಾಡಿದರೆಂದೂ ಐದು ಭಾಷೆ ಬಲ್ಲ ಪಂಡಿತರೆಂದು ಎಲ್ಲರೂ ಹೊಗಳಿದರೆಂದೂ ಇತ್ತು. ಹೊಗಳಿಕೆ ಸುಳ್ಳಲ್ಲ. ಕನ್ನಡ, ಮರಾಠಿ, ಇಂಗ್ಲಿಷು, ಸಂಸ್ಕೃತ ಅವರಿಗೆ ನೀರು ಕುಡಿದಷ್ಟು ಸಲೀಸು. ಐದನೆಯದು ಸ್ಪ್ಯಾನಿಷ್. ಆ ಐದನೆಯ ಭಾಷೆಯ ಮಾತನ್ನು ಯಾರಾದರೂ ಎತ್ತಿದರೆ ಮಾಸ್ತರರು ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಎದ್ದುಬಿಡುತ್ತಿದ್ದರು. ಯಾಕೆ ಏಳುತ್ತಿದ್ದರೆಂಬುದು ಆ ಸಭೆಯಲ್ಲಿ ಕೂತವರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿದೆ.

ಜಮಖಂಡಿ ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾಗಿ ಇನ್ನೂ ಬಹಳ ವರ್ಷಗಳಾಗಿರಲಿಲ್ಲ. ಮುದುಕರು ‘ಸರಕಾರ’ ಎಂದರೆ ರಾಜರೆಂದೇ ತಿಳಿಯುತ್ತಿದ್ದರು. ನಾನು ಅಲ್ಲಿಯ ಒಂದು ಶಾಲೆಗೆ ಕನ್ನಡ ಕಲಿಸುವ ಅಕ್ಕೋರಾಗಿ ಸೇರಿದಾಗ ನನಗೆ ಇಪ್ಪತ್ತೆರಡು. ಮಾಸ್ತರರಿಗೆ ಐವತ್ತರ ಹತ್ತಿರ. ಇಂಗ್ಲಿಷು ಕಲಿಸುತ್ತಿದ್ದರು. ಕಚ್ಚೆ ಧೋತರ, ಕಂದು ಬಣ್ಣದ ಕೋಟು, ಕರಿ ಟೊಪ್ಪಿಗೆ. ಹೆಂಡತಿ ಮದುವೆಯಾದ ಎರಡನೆಯ ವರ್ಷವೇ ತೀರಿಹೋಗಿದ್ದಳು. ಬಾಡಿಗೆ ಕೋಣೆಯಲ್ಲಿ ಪುಸ್ತಕಗಳು, ಎರಡು ಹೊತ್ತು ಖಾನಾವಳಿಯ ಊಟ. ಆ ಕೋಣೆಯಲ್ಲಿ ಒಲೆಯೆಂಬುದೇ ಇರಲಿಲ್ಲ.

ಅವರ ಮನೆತನದವರು ರಬಕವಿಯ ನೇಕಾರರು. ಸೀರೆಯ ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡುವುದು ಆ ಮನೆಗಳಲ್ಲಿ ಹುಟ್ಟಿನಿಂದ ಬರುವ ಚಟ. ಮಾಸ್ತರರು ಮಗ್ಗ ಬಿಟ್ಟರೂ ಆ ಚಟ ಬಿಡಲಿಲ್ಲ. ಒಂದು ಶಬ್ದಕ್ಕೆ ತಡವರಿಸಿದಾಗ ಅವರ ಎರಡು ಬೆರಳು ಗಾಳಿಯಲ್ಲಿ ಏನನ್ನೋ ತಿಕ್ಕುತ್ತಿದ್ದವು. ಹುಡುಗರು ಬೆಂಚಿನ ಕೆಳಗೆ ಅದನ್ನೇ ಅಣಕಿಸುತ್ತಿದ್ದರು. ಇಂಗ್ಲಿಷ್ ಪಾಠವನ್ನು ಹುಡುಗರು ಪುಸ್ತಕದ ಕನ್ನಡದಲ್ಲಿ ಅನುವಾದಿಸಿ ತಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

“ನಿಮ್ಮವ್ವ ಹಿಂಗ ಮಾತಾಡ್ತಾಳೇನಲೇ? ತರ್ಜುಮಾ ಅಂದ್ರ ಬೀಗರ ಮನಿಗೆ ಹೋದಂಗ. ಅವರ ಮನಿಯಾಗ ಅವರ ರೀತಿ. ಹೋಗು, ನಿಮ್ಮವ್ವ ಹ್ಯಾಂಗ ಅಂತಾಳೋ ಕೇಳಕೊಂಡು ಬರಕೊಂಡು ಬಾ” ಎನ್ನುತ್ತಿದ್ದರು. 

ಸ್ಪ್ಯಾನಿಷ್ ಅವರಿಗೆ ಬಂದದ್ದು ಮುಂಬಯಿಯಲ್ಲಿ. ಕಾಲೇಜಿನಲ್ಲಿ ಸ್ಪೇನ್ ದೇಶದ ಒಬ್ಬ ಮುದಿ ಪಾದ್ರಿ ಇವರ ಬುದ್ಧಿಗೆ ಮೆಚ್ಚಿ, ದಿನಾ ಸಂಜೆ ಒಂದು ತಾಸು ಕೂಡಿಸಿಕೊಂಡು ಹಳೆಯ ಪುಸ್ತಕಗಳನ್ನು ಓದಿಸಿದ್ದರಂತೆ. ಜಮಖಂಡಿಯಲ್ಲಿ ಆ ಭಾಷೆಯಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಆಗಬೇಕಾದ ದಿನವೂ ಬಂತು. ಊರ ಹೊರಗಿನ ಒಂದು ಸಣ್ಣ ದವಾಖಾನೆಗೆ ಸ್ಪೇನ್ ದೇಶದಿಂದ ಒಬ್ಬ ಸನ್ಯಾಸಿನಿ ನರ್ಸು ಬಂದರು. ಅವರಿಗೆ ಕನ್ನಡ ಬಾರದು, ಇಂಗ್ಲಿಷು ಅರೆಬರೆ. ನಾವು ಅವರನ್ನು ಸಿಸ್ಟರ್ ಎನ್ನುತ್ತಿದ್ದೆವು, ಹಳ್ಳಿಯವರು ದವಾಖಾನಿ ಅವ್ವಾರು ಎನ್ನುತ್ತಿದ್ದರು. ಮಾಸ್ತರರು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರಿಗೆ ಕನ್ನಡ ಕಲಿಸಲು ಒಪ್ಪಿದರು. ಒಬ್ಬ ಹೆಣ್ಣುಮಗಳ ಎದುರಿಗೆ ತಾವೊಬ್ಬರೇ ಹೋಗಿ ಕೂಡುವುದು ಸರಿಯಲ್ಲವೆಂದು ನನ್ನನ್ನೂ ಕರೆದರು.

ಆ ಶನಿವಾರಗಳು ಚೆನ್ನಾಗಿದ್ದವು. ದವಾಖಾನೆಯ ಪಡಸಾಲೆಯಲ್ಲಿ ಮೂವರೂ ಚಾಪೆಯ ಮೇಲೆ ಕೂಡುತ್ತಿದ್ದೆವು. ಒಂದು ದಿನ ಸಿಸ್ಟರ್, ಇವತ್ತು ಏನು ಊಟ ಮಾಡಿದಿರಿ ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ಮಾಸ್ತರರು ಹೇಳಿದ್ದನ್ನು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮಾಸ್ತರರ ಕಿವಿ ಕೆಂಪಾದವು.

“ಏನಾತ್ರಿ?” ಅಂದೆ.

“ಖಾನಾವಳಿಯಾಗ ಬದನಿಕಾಯಿ ಪಲ್ಯ ಮಾಡಿದ್ರು ಅನ್ನಾಕ ಹೋದೆ ಅಕ್ಕೋರ. ನಾ ಅಂದ ಶಬ್ದಕ್ಕ, ಬದನಿಕಾಯಿ ಬರೇ ನೀರಾಗ ಹಾಕಿ ಬೇಯಿಸಿದ್ರು ಅಂತ ಅರ್ಥ ಆತಂತ. ಅಡಿಗಿಗೆ ಅವರಲ್ಲಿ ಮೂರ್ನಾಕು ಕ್ರಿಯಾಪದ ಅದಾವ. ಸುಮ್ನ ಅಡಿಗಿ ಮಾಡೂದಕ್ಕ ಕೊಥಿನಾರ್. ಮಸಾಲಿ ಹಾಕಿ ಮಾಡೂದಕ್ಕ ಗಿಸಾರ್. ನೀರಾಗ ಹಾಕಿ ಬೆಂಕಿ ಮ್ಯಾಲ ಇಡೂದಕ್ಕ ಕೊಥೇರ್. ಯಾವುದು ಎಲ್ಲಿ ಅಂತ ನನಗ ತಿಳಿಯವಲ್ದು. ನಾ ಓದಿದ ಪುಸ್ತಕದಾಗ ಯಾರೂ ಅಡಿಗಿ ಮಾಡೂದಿಲ್ರಿ. ಕತ್ತಿ ಹಿಡೀತಾರ, ಸಾಯ್ತಾರ, ಅಷ್ಟ.”

“ನಮ್ಮಲ್ಲೇನು ಕಡಿಮಿ ಅದಾವ್ರಿ? ರೊಟ್ಟಿ ಬಡೀತೀವಿ, ಹಪ್ಪಳ ಸುಡತೀವಿ, ಶೇಂಗಾ ಹುರೀತೀವಿ, ಅನ್ನಕ್ಕ ಎಸರಿಡತೀವಿ” ಅಂದೆ.

ಅವರು ಕಣ್ಣು ಅರಳಿಸಿ ನನ್ನನ್ನೇ ನೋಡಿದರು. ಹುಟ್ಟಿದಾಗಿನಿಂದ ಕೇಳಿದ ಮಾತುಗಳೇ, ಆದರೆ ಒಲೆಯ ಮುಂದೆ ಒಮ್ಮೆಯೂ ಕೂತವರಲ್ಲ. ರೊಟ್ಟಿಯನ್ನು ಯಾಕೆ ಹೊಡೆಯುತ್ತೀರಿ ಎಂದು ಸಿಸ್ಟರ್ ಗಾಬರಿಯಿಂದ ಕೇಳಿದರು. ಅದರ ಮೇಲೆ ಬಹಳ ಹೊತ್ತು ನಗು. ಹಾಗೆ ನಗುತ್ತ ನಾವು ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು.

ಮರು ಬೇಸಿಗೆಯಲ್ಲಿ ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ಕಾಲರಾ ಬಿತ್ತು. ಹೊಳೆ ಬತ್ತಿ ಅಲ್ಲಲ್ಲಿ ಮಡು ನಿಂತಿತ್ತು, ಜನ ಅದೇ ನೀರು ತರುತ್ತಿದ್ದರು. ಗಲಗಲಿಯಿಂದ ಆಚೆ ಒಂದು ಹಳ್ಳಿಗೆ ಸಿಸ್ಟರ್ ಹೊರಟಾಗ ಮಾಸ್ತರರೂ ನಾನೂ ಹೋದೆವು. ಬೀರಪ್ಪನ ಗುಡಿಯ ಮುಂದೆ ಊರು ಕೂಡಿತ್ತು. ಕಟ್ಟೆಯ ಮೇಲೆ ಗಂಡಸರು, ಕೆಳಗೆ ಹೆಂಗಸರು. ಸಿಸ್ಟರ್ ಒಂದೊಂದೇ ಮಾತು ಹೇಳುವುದು, ಮಾಸ್ತರರು ಅದನ್ನು ಕನ್ನಡಕ್ಕೆ ತರುವುದು. ನೊಣ ಕೂತದ್ದು ತಿನ್ನಬೇಡಿ. ಸತ್ತವರ ಬಟ್ಟೆ ಹೊಳೆಯಲ್ಲಿ ತೊಳೆಯಬೇಡಿ. ಜನ ತಲೆಯಾಡಿಸುತ್ತಿದ್ದರು. ಆಮೇಲೆ ಸಿಸ್ಟರ್ ನೀರಿನ ವಿಷಯಕ್ಕೆ ಬಂದು, “ಆಗ್ವಾ ಕೊಥೀದಾ” ಎಂದರು.

ಮಾಸ್ತರರು ತಡೆದರು. ಬೆರಳು ತಿಕ್ಕಿದವು. ಆ ಕ್ಷಣ ಏನು ಯೋಚಿಸಿದೆನೆಂದು ಆಮೇಲೆ ನನಗೆ ಹೇಳಿದ್ದರು. ಕೊಥೇರ್ ಎಂದರೆ ಬೇಯಿಸುವುದು. ‘ಬೇಯಿಸಿದ ನೀರು’ ಎಂದರೆ ಹಳ್ಳಿಯವರು ನಗುತ್ತಾರೆ. ನಮ್ಮ ಮನೆಗಳಲ್ಲಿ ನೀರಿಗೆ ಯಾವ ಮಾತು ಬಳಸುತ್ತಾರೆ?

“ಕುಡಿಯೋ ನೀರು ಕಾಸಿ ಕುಡೀರಿ” ಅಂದರು.

ಕೆಳಗಿನಿಂದ ಒಬ್ಬ ಹೆಣ್ಣುಮಗಳು, “ಕಾಸಿ ಆರಿಸಿ ಕುಡೀಬೇಕೇನ್ರೀ?” ಎಂದು ಕೇಳಿದಳು. ಮಾಸ್ತರರು ಆರಿಸುವ ಮಾತನ್ನು ಸಿಸ್ಟರಿಗೆ ಹೇಳಿದರು. ಸಿಸ್ಟರ್ ಹೌದು ಹೌದು ಎಂದು ತಲೆಯಾಡಿಸಿದರು.

ನಾನು ಹೆಂಗಸರ ನಡುವೆ ಕೂತಿದ್ದೆ. ‘ಕುದಿಸಿ’ ಅನ್ನಬೇಕಿತ್ತಲ್ಲ ಎಂದು ನನಗೆ ಆಗಲೇ ಅನ್ನಿಸಿತು. ನಮ್ಮ ಕಡೆ ಹಾಲು ಕಾಸುವುದೆಂದರೆ ಉಕ್ಕಿಸುವುದು. ನೀರು ಕಾಸುವುದೆಂದರೆ ಮೈಗೆ ಹದವಾಗುವಷ್ಟು ಬಿಸಿ ಮಾಡುವುದು. ಇದು ಹೆಂಗಸರಿಗೆಲ್ಲ ಗೊತ್ತು. ನಾನು ಬಾಯಿ ತೆರೆಯಲಿಲ್ಲ. ವಾಪಸು ಬರುವಾಗ ಮಾಸ್ತರರು ಬಹಳ ಉಲ್ಲಾಸದಲ್ಲಿದ್ದರು. “ಹ್ಯಾಂಗ ಹೇಳಿದೆ ಅಕ್ಕೋರ? ಒಬ್ಬರರ ಮಾರಿ ಗಂಟ ಹಾಕಿದ್ರೇನು? ಮನಿ ಮಾತು ಅಂದ್ರ ಅದು” ಅಂದರು. ನಾನು ಹೌದ್ರಿ ಅಂದೆ.

ಹನ್ನೊಂದು ದಿನಕ್ಕೆ ಅದೇ ಹಳ್ಳಿಯಿಂದ ಕರೆ ಬಂತು. ನಾವು ಹೋಗುವಷ್ಟರಲ್ಲಿ ಮೂರು ವರ್ಷದ ಹೆಣ್ಣು ಕೂಸು ಹೋಗಿಬಿಟ್ಟಿತ್ತು. ಕುರುಬರ ಮನೆ. ಗಂಡ ಕುರಿ ಹಿಂಡಿನ ಜೊತೆ ದೂರದ ಅಡವಿಯಲ್ಲಿದ್ದ. ತಾಯಿ ಲಗಮವ್ವ, ಇಪ್ಪತ್ತರ ಆಚೀಚೆಯವಳು, ಕಂಬದ ಬುಡದಲ್ಲಿ ಕೂತಿದ್ದಳು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಜಗಲಿಯ ಮೇಲೆ ಕಾಲರಾ ಸೂಜಿಯ ಕೆಲಸಕ್ಕೆ ಬಂದ ಸರಕಾರದ ಇನ್ಸ್‌ಪೆಕ್ಟರರು ಇದ್ದರು. ಸಿಸ್ಟರ್ ನೀರಿನ ಗಡಿಗೆ ನೋಡಿ, ನೀರಿನ ವಿಷಯ ಹೇಳಿದ್ದನ್ನು ಇವಳು ಮಾಡಿದಳೇ ಎಂದು ಮಾಸ್ತರರನ್ನು ಕೇಳಿದರು. ಮಾಸ್ತರರು ಲಗಮವ್ವನನ್ನು ಕೇಳಿದರು.

“ದಿನಾ ಕಾಸೇನ್ರೀ ಯಪ್ಪಾ. ನೀವು ಹೇಳಿದ ಮರುದಿನದಿಂದ ಒಂದ ದಿನಾನೂ ಬಿಟ್ಟಿಲ್ಲ. ಕೂಸಿನ ನಾಲಿಗಿ ಸುಡಬಾರದಂತ ಬೆರಳ ಅದ್ದಿ ನೋಡಿ ಇಳಸೀನಿ. ಬೆಚ್ಚಗ ಆಗೂದ ತಡ, ಇಳಸೀನಿ.”

ಮಾಸ್ತರರ ಮುಖ ನಾನು ನೋಡಿದೆ. ಅವರಿಗೆ ಎಲ್ಲವೂ ತಿಳಿದಿತ್ತು. ಸಿಸ್ಟರ್ ಮತ್ತೆ ಕೇಳಿದರು. ಮಾಸ್ತರರು ತಡವರಿಸಲಿಲ್ಲ. ಬೆರಳೂ ಆಡಲಿಲ್ಲ.

“ನೋ ಲಾ ಕೊಥಿಯೋ” ಅಂದರು. ‘ಅವಳು ಅದನ್ನು ಕುದಿಸಲಿಲ್ಲ’ ಎಂದು ಅದರ ಅರ್ಥವೆಂಬುದು ನನಗೆ ಆಮೇಲೆ ತಿಳಿಯಿತು.

ಸಿಸ್ಟರ್ ಲಗಮವ್ವನ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದರು. ಕಣ್ಣಲ್ಲಿ ನೀರೂ ಇತ್ತು, ಸಿಟ್ಟೂ ಇತ್ತು. ಅದನ್ನೆಲ್ಲ ಮಾಸ್ತರರು ಒಂದೇ ಸಾಲಿನಲ್ಲಿ ಮುಗಿಸಿದರು: “ಅವ್ವಾರಿಗೆ ಭಾಳ ದುಃಖ ಆಗೇತಂತ.” ಲಗಮವ್ವ ತಲೆಯಾಡಿಸಿದಳು. ಅತ್ತೆ ಮಾತ್ರ ಸಿಸ್ಟರ್ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಬಂದು ಸಿಸ್ಟರ್ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಇನ್ಸ್‌ಪೆಕ್ಟರರಿಗೆ ಏನೋ ಹೇಳಿದರು.

ಅಂದು ಬಸ್ಸಿನಲ್ಲಿ ಮಾಸ್ತರರು ನನ್ನಿಂದ ದೂರ, ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ಮುಂದಿನ ಎರಡು ಶನಿವಾರ ತಲೆನೋವೆಂದು ಹೇಳಿ ಪಾಠಕ್ಕೆ ಬರಲಿಲ್ಲ. ಶಾಲೆಯಲ್ಲಿ ಹುಡುಗರಿಗೆ ಅನುವಾದ ಕೊಡುವುದನ್ನು ನಿಲ್ಲಿಸಿದರು. ವ್ಯಾಕರಣ ಬಾಯಿಪಾಠ ಮಾಡಿಸುತ್ತ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮೂರನೆಯ ವಾರ ಜಮಖಂಡಿ ಸಂತೆಯಲ್ಲಿ ಕಂಬಳಿ ಮಾರಲು ಬಂದಿದ್ದ ಆ ಹಳ್ಳಿಯ ಮುದುಕಿಯೊಬ್ಬಳು ನನ್ನ ಗುರುತು ಹಿಡಿದಳು. ಲಗಮವ್ವ ಹ್ಯಾಂಗದಾಳ ಎಂದು ಕೇಳಿದೆ.

“ಅಕೀನ ತವರಿಗೆ ಹಚ್ಯಾರವಾ, ತುಬಚಿ ಕಡಿಗೆ. ಇನ್ಸ್‌ಪೆಕ್ಟರ ಚಾವಡ್ಯಾಗ ಅಂದ, ಹೇಳಿದ ಮಾತ ಕೇಳದಿದ್ರ ಹಿಂಗ ಆಕ್ಕೇತಿ, ಆ ಹೆಣಮಗಳು ನೀರ ಕುದಸಲಿಲ್ಲ ಅಂತ. ಅತ್ತಿ ಅಂತಾಳ, ಉರುವಲಾ ಉಳಸಾಕ ಹೋಗಿ ಕೂಸಿನ ತಿಂದ್ಲು ಅಂತ. ಗಂಡ ಬಂದ. ಅವನೂ ಮಾತಾಡವಲ್ಲ.”

ಮರುದಿನ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಇದನ್ನು ಮಾಸ್ತರರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದು, ಮತ್ತೆ ಕೂತರು.

“ನಾ ಅವತ್ತ ಸಿಸ್ಟರಿಗೆ ಏನ ಹೇಳಿದೆ ಗೊತ್ತೇನ್ರಿ ಅಕ್ಕೋರ? ಅಕಿ ಕುದಸಲಿಲ್ಲ ಅಂದೆ. ಖರೆ ಮಾತು. ಒಂದಕ್ಷರ ತಪ್ಪಿರಲಿಲ್ಲ. ಕಾಸು ಅಂತ ನಾನ ಹೇಳೇನಿ, ಅಕಿ ಕಾಸ್ಯಾಳ, ಅಂತ ಹೇಳಾಕ ಕಲೆಂತಾರ್ ಅನ್ನೂ ಶಬ್ದ ಬಾಯಾಗ ಇತ್ತು. ಬಿಸಿ ಮಾಡೂದಕ್ಕ ಅಂತಾರ. ಅದನ್ನ ನುಂಗಿದೆ. ಗುಡಿ ಮುಂದ ತಪ್ಪಿದ್ದು ತಿಳೀದ ತಪ್ಪಿದ್ದು. ಇದು ತಿಳಿದು ಮಾಡಿದ್ದು.”

ಅವರು ಅಳಲಿಲ್ಲ. ರಜೆಯ ಚೀಟಿ ಬರೆದು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ದವಾಖಾನೆಯ ಕಡೆ ನಡೆದರು. ನಾನೂ ಹಿಂದೆಯೇ ಹೋದೆ. ಸಿಸ್ಟರ್ ಪಟ್ಟಿ ಸುತ್ತುತ್ತಿದ್ದರು. ಮಾಸ್ತರರು ನಿಂತುಕೊಂಡೇ ತಮ್ಮ ಮಾತೆಲ್ಲ ಮುಗಿಸಿದರು. ಸಿಸ್ಟರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನ್ನ ಕಡೆ ನೋಡಿ ಕನ್ನಡದಲ್ಲೇ, “ಕಾಸು? ಕುದಿಸು?” ಎಂದು ಎರಡು ಸಲ ಕೇಳಿದರು. ನಾನು ಕೈಯಾಡಿಸಿ ವ್ಯತ್ಯಾಸ ತೋರಿಸಿದೆ. ಅವರು ಗೋಡೆಗೆ ಒರಗಿ ನಿಂತರು. ಆಮೇಲೆ ಮಾಸ್ತರರಿಗೆ ಒಂದೇ ಮಾತು ಹೇಳಿದರು: ಮೊದಲು ಆ ತಾಯಿಯ ಹತ್ತಿರ ಹೋಗಿ, ನನ್ನ ಹತ್ತಿರ ಆಮೇಲೆ ಬನ್ನಿ.

ಮರುದಿನ ಮುಂಜಾನೆ ನಾವು ಹಳ್ಳಿಗೆ ಹೋದೆವು. ಮಾಸ್ತರರು ಹಿರಿಯರನ್ನು ಗುಡಿಯ ಮುಂದೆ ಕರೆಸಿದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಅವರ ತಲೆಯಲ್ಲಿ ಕೂದಲು ಅಷ್ಟು ಕಡಿಮೆಯಾಗಿದ್ದವೆಂದು ನಾನು ನೋಡಿದ್ದು ಆವತ್ತೇ.

“ಸಿಸ್ಟರು ಕುದಸ್ರಿ ಅಂದಿದ್ರು. ನಾ ಕಾಸ್ರಿ ಅಂದೆ. ಲಗಮವ್ವ ನಾ ಹೇಳಿದಂಗ ಮಾಡ್ಯಾಳ. ಕೂಸು ಹೋದ ದಿನ, ನನ್ನ ತಪ್ಪು ಮುಚ್ಚಾಕ ಅಕಿ ಕುದಸಲಿಲ್ಲ ಅಂತ ನಾನ ಸಿಸ್ಟರಿಗೆ ಹೇಳಿದೆ. ಅಕಿದು ಏನೂ ತಪ್ಪಿಲ್ಲ. ಇನ್ನ ಮ್ಯಾಲ ನೀರು ಕುದಸ್ರಿ. ಎಲ್ಲಾರೂ ಕುದಸ್ರಿ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಡೆಗೆ ಒಬ್ಬ ಮುದುಕ, “ನೀವು ಕಲತವರು ಮಾಸ್ತರ. ನೀವು ಹೇಳಿದ್ದ ಖರೆ ಅಂತ ತಿಳಕೊಂಡಿದ್ವಿ” ಅಂದ. ಲಗಮವ್ವನ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಆ ಹುಡಿಗಿಗೆ ನಾ ಏನೇನ ಅಂದೇನಿ. ನನಗ ಮಾರಿ ತೋರಸಾಕ ಆಗೂದಿಲ್ಲ. ನೀವ ಹೋಗಿ ಹೇಳ್ರಿ ಅಕಿಗೆ” ಅಂದಳು. ಆಕೆಯ ಮಗ, ಲಗಮವ್ವನ ಗಂಡ, ಚಕ್ಕಡಿ ಹೂಡಿದ.

ತುಬಚಿಯ ಹತ್ತಿರದ ಆ ಮನೆಯ ಅಂಗಳದಲ್ಲಿ ಲಗಮವ್ವ ಉಣ್ಣೆ ಬಿಡಿಸುತ್ತಿದ್ದಳು. ಬಹಳ ಸೊರಗಿದ್ದಳು. ಮಾಸ್ತರರು ಅದೇ ಮಾತುಗಳನ್ನು ಮತ್ತೆ ಹೇಳಿದರು, ಈ ಸಲ ಇನ್ನೂ ಮೆಲ್ಲಗೆ. ಅವಳು ಕೈಯಲ್ಲಿದ್ದ ಉಣ್ಣೆ ಕೆಳಗಿಡಲಿಲ್ಲ.

“ಎಲ್ಲಾರೂ ಅಂದು ಅಂದು, ನಾ ಕಾಸಿದೆನೋ ಇಲ್ಲೋ ಅಂತ ನನಗ ಸಂಶೆ ಬಂದಿತ್ರೀ. ಕುಂತಲ್ಲೆ ಕುಂತು ನನ್ನ ಕೈ ನೋಡಕೋತಿದ್ದೆ. ಈ ಕೈಲೆ ಕಾಸಿದ್ದು ಖರೆ ಹೌದಿಲ್ಲೋ ಅಂತ. ಹುಚ್ಚ ಹಿಡಿಯೂದಷ್ಟ ಬಾಕಿ ಇತ್ತು.” ಉಣ್ಣೆಯ ಎಳೆ ಬಿಡಿಸುತ್ತಲೇ ಅಂದಳು, “ನೀವು ಬಂದು ಹೇಳಿದ್ದು ಛಲೋ ಆತು. ಆದ್ರ ಮಾಸ್ತರ, ಇನ್ನ ನನ್ನ ಕಣ್ಣಿಗೆ ಬೀಳಬ್ಯಾಡ್ರಿ.”

“ಆತವಾ” ಅಂದರು ಮಾಸ್ತರರು.

ಗಂಡ ಹೆಂಡತಿ ಚಕ್ಕಡಿಯಲ್ಲಿ ಹೋದರು. ನಮ್ಮನ್ನೂ ಹತ್ತಲು ಅವನು ಕೈಸನ್ನೆ ಮಾಡಿದ. ಮಾಸ್ತರರು ಬೇಡವೆಂದರು. ಸುಡುಬಿಸಿಲಲ್ಲಿ ನಾವಿಬ್ಬರೂ ಬಸ್ಸಿನ ದಾರಿಯವರೆಗೆ ನಡೆದೆವು. ಆವತ್ತು ಅವರು ಕೊಡೆ ತಂದಿರಲಿಲ್ಲ. ಲಗಮವ್ವನಿಗೆ ಕೊಟ್ಟ ಮಾತನ್ನು ಅವರು ಕಡೆಯವರೆಗೂ ಮುರಿಯಲಿಲ್ಲ. ಸಿಸ್ಟರ್ ಜೊತೆ ಮುಧೋಳ, ಬನಹಟ್ಟಿ, ಬೀಳಗಿ ಎಲ್ಲ ಸುತ್ತಿದರೂ ಆ ಹಳ್ಳಿಗೆ ಹೋಗುವುದಿದ್ದರೆ ನನ್ನನ್ನೊಬ್ಬಳನ್ನೇ ಕಳಿಸುತ್ತಿದ್ದರು. ಎರಡು ವರ್ಷಗಳ ಮೇಲೆ ಅಲ್ಲಿ ಲಗಮವ್ವನ ಬಗಲಲ್ಲಿ ಒಂದು ಗಂಡು ಕೂಸು ನೋಡಿದೆ. ಬಂದು ಹೇಳಿದಾಗ ಮಾಸ್ತರರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಸಿಸ್ಟರ್ ಹತ್ತಿರ ಅವರು ಮತ್ತೆ ಹೋದದ್ದು ತುಬಚಿಯಿಂದ ಬಂದ ನಾಲ್ಕು ದಿನಕ್ಕೆ. ಸಿಸ್ಟರ್ ಹೇಳಿದ್ದನ್ನು ಅವರು ನನಗೆ ಕನ್ನಡದಲ್ಲಿ ಹೇಳಿದರು: “ತಪ್ಪು ತಮ್ಮದೂ ಐತಿ ಅಂತಾರ್ರಿ. ನೀರು ಕುದಸೂದಕ್ಕ ಎಲ್ಲಾರೂ ಬಳಸೂ ಮಾತು ಎರ್ವಿರ್ ಅಂತ. ಅವರ ಹಳ್ಯಾಗ ಮಾತ್ರ ಹೆಂಗಸರು ನೀರಿಗೂ ಕೊಥೇರ್ ಅಂತಾರಂತ. ತಮ್ಮ ಮನಿ ಮಾತು ಬಾಯಿಗೆ ಬಂತು ಅಂತಾರ. ನನ್ನ ಉಳಸಾಕ ಹಂಗ ಅಂತಾರ, ಅಷ್ಟ.”

ಇನ್ನು ಮೇಲೆ ತಾನೇ ಕನ್ನಡದಲ್ಲಿ ಹೇಳುತ್ತೇನೆ, ಪಾಠ ಪಡಸಾಲೆಯಲ್ಲಿ ಬೇಡ, ಒಲೆಯ ಮುಂದೆ ಬೇಕು ಎಂದರು ಸಿಸ್ಟರ್. ಹಾಗಾಗಿ ಮುಂದಿನ ಶನಿವಾರ ಪಾಠ ನಮ್ಮ ಅಡಿಗೆಮನೆಯಲ್ಲಿ ನಡೆಯಿತು. ಸಿಸ್ಟರ್ ನನ್ನ ಪಕ್ಕದಲ್ಲಿ ಕೂತರು. ಮಾಸ್ತರರು ಹೊಸ್ತಿಲ ಆಚೆ, ತೊಡೆಯ ಮೇಲೆ ವಹಿ. ನಾನು ಒಂದೊಂದೇ ಮಾಡಿ ತೋರಿಸಿದೆ. ಶೇಂಗಾ ಹುರಿದೆ, ಸಿಸ್ಟರ್ ತೊಸ್ತಾರ್ ಅಂದರು. ಸಂಡಿಗೆ ಕರಿದೆ, ಫ್ರೆಯಿರ್ ಅಂದರು. ಬದನೆಕಾಯಿ ಕೆಂಡದಲ್ಲಿ ಸುಟ್ಟೆ, ಅಸಾರ್ ಅಂದರು. ಮಾಸ್ತರರು ತಲೆ ಬಗ್ಗಿಸಿ ಬರೆದುಕೊಂಡರು. ಆಮೇಲೆ ಅನ್ನಕ್ಕೆ ಎಸರಿಟ್ಟೆ. ಮೊದಲು ಬೆಚ್ಚಗಾದಾಗ ಸಿಸ್ಟರ್ ಬೆರಳು ಅದ್ದಿ, “ಕಾಸು” ಅಂದರು. ಹೌದು ಅಂದೆ. ಕಟ್ಟಿಗೆ ಮುಂದಕ್ಕೆ ತಳ್ಳಿದೆ. ಮೂವರೂ ಗಡಿಗೆಯನ್ನೇ ನೋಡುತ್ತ ಕೂತೆವು. ಎಸರು ಬುಡದಿಂದ ಎದ್ದು ಕುಣಿಯತೊಡಗಿತು.

“ಈಗ ಕುದೀತು. ನೋಡ್ರಿ ಸಿಸ್ಟರ್, ಕೊತಕೊತ ಕುದಿಯಾಕತ್ತೇತಿ” ಅಂದೆ.

ಸಿಸ್ಟರ್ ಬೆಚ್ಚಿದವರಂತೆ ನನ್ನ ಕಡೆ ತಿರುಗಿದರು. “ಕೊತ?” ಅಂದರು. “ಕೊತಕೊತ” ಅಂದೆ. ಅವರು ಮಾಸ್ತರರನ್ನು ನೋಡಿ, “ಕೊಥೇರ್” ಅಂದರು, ಬಹಳ ಮೆಲ್ಲಗೆ.

ಮಾಸ್ತರರು ಪೆನ್ನು ಕೆಳಗಿಟ್ಟರು.

“ಅಕ್ಕೋರ, ಅವತ್ತ ಗುಡಿ ಮುಂದ ನಾ ಕಾಸ್ರಿ ಅಂದಾಗ, ಅದು ತಪ್ಪು ಅಂತ ನಿಮಗ ಗೊತ್ತಾಗಿತ್ತೇನು?”

ಸುಳ್ಳು ಹೇಳಬಹುದಿತ್ತು. ಅವರು ಎರಡು ಊರುಗಳಲ್ಲಿ ತಲೆ ಬಗ್ಗಿಸಿ ನಿಂತದ್ದನ್ನು ನೋಡಿದ ಮೇಲೆ ಆಗಲಿಲ್ಲ.

“ಗೊತ್ತಾಗಿತ್ರಿ. ನೀವು ಹಿರ್ಯಾರು. ಅಷ್ಟು ಮಂದಿ ಗಂಡಸರು ಕುಂತಿದ್ರು. ನಡುವ ಬಾಯಿ ಹಾಕಾಕ ಧೈರ್ಯ ಆಗಲಿಲ್ಲ.”

ಎಸರು ಉಕ್ಕಿ ಒಲೆಗೆ ಬಿದ್ದು ಚುರ್ರೆಂದಿತು. ನಾನು ಕಟ್ಟಿಗೆ ಹಿಂದಕ್ಕೆ ಎಳೆದೆ.

“ನಿಮ್ಮನ್ನ ಬಾಜೂಕ ಇಟಗೊಂಡು ನಾ ಕೇಳಲಿಲ್ಲ. ಕೇಳಬೇಕಿತ್ತು” ಅಂದರು.

‘ನೀವೂ ಹೇಳಬೇಕಿತ್ತು’ ಎಂದು ಅವರು ಅನ್ನಲಿಲ್ಲ. ಅವತ್ತೂ ಅನ್ನಲಿಲ್ಲ, ಆಮೇಲೆ ಅದೇ ಶಾಲೆಯಲ್ಲಿ ಜೊತೆಗೆ ಕಳೆದ ಒಂಬತ್ತು ವರ್ಷಗಳಲ್ಲಿ ಒಂದು ದಿನವೂ ಅನ್ನಲಿಲ್ಲ.